ಕಂಪ್ಯೂಟರ್‌ನಲ್ಲಿ ಅನುಕ್ರಮ ಓದು

ಸಂಗ್ರಹಿಸಿಟ್ಟ ದತ್ತಾಂಶವನ್ನು ಅದು ಕೂತಿರುವ ಸಾಲಿನಲ್ಲೇ, ಒಂದರ ಹಿಂದೊಂದರಂತೆ ಓದಿಕೊಂಡು ಹೋಗುವ ಕ್ರಮಕ್ಕೆ ಅನುಕ್ರಮ ಓದು ಎನ್ನುತ್ತಾರೆ. ನಡುವಿನ ಯಾವುದೋ ಒಂದು ತುಣುಕಿನ ವಿಳಾಸ ಹೇಳಿ ಅದೊಂದನ್ನೇ ತರಿಸಿಕೊಳ್ಳುವುದು ನೇರ ಓದು. ಹಾಡಿನ ಕ್ಯಾಸೆಟ್ ಬಳಸಿದವರಿಗೆ ಮೊದಲನೆಯದು ಚೆನ್ನಾಗಿ ಗೊತ್ತು: ಐದನೆಯ ಹಾಡು ಕೇಳಬೇಕೆಂದರೆ ಮೊದಲ ನಾಲ್ಕು ಹಾಡುಗಳ ಉದ್ದದಷ್ಟು ಟೇಪು ಸುತ್ತಿಕೊಂಡು ಮುಂದೆ ಹೋಗಲೇಬೇಕು.

1950ರ ದಶಕದ ಆರಂಭದಲ್ಲಿ ದೊಡ್ಡ ಪ್ರಮಾಣದ ದತ್ತಾಂಶಕ್ಕೆ ಇದೊಂದೇ ದಾರಿಯಾಗಿತ್ತು. ಮುಂದೆ ಡಿಸ್ಕು ಬಂತು, ಫ್ಲ್ಯಾಶ್ ಚಿಪ್ಪು ಬಂತು, ಬೇಕಾದಲ್ಲಿಗೆ ನೆಗೆಯುವ ಸೌಕರ್ಯ ದೊರೆಯಿತು. ಆದರೂ ಅನುಕ್ರಮ ಓದು ಮೂಲೆಗೆ ಸರಿಯಲಿಲ್ಲ. ಇಂದಿನ ಡೇಟಾಬೇಸು, ಕಾರ್ಯಾಚರಣ ವ್ಯವಸ್ಥೆ, ಪ್ರೊಸೆಸರ್ ಇವೆಲ್ಲ ಆದಷ್ಟೂ ಸಾಲಾಗಿ ಓದುವಂತೆಯೇ ರೂಪುಗೊಂಡಿವೆ. ಸಾಲಾಗಿ ಓದುವಾಗ ಮುಂದೆ ಬೇಕಾಗುವುದು ಯಾವುದು ಎಂಬುದು ಕೇಳುವ ಮೊದಲೇ ತಿಳಿದಿರುತ್ತದೆ. ತಿಳಿದಿರುವುದನ್ನು ಮುಂಚಿತವಾಗಿ ತಂದಿಟ್ಟುಕೊಳ್ಳಬಹುದು. ಟೇಪಿನಿಂದ ಹಿಡಿದು ಪ್ರೊಸೆಸರ್‌ನ ಒಳಗಿನ ಕ್ಯಾಶ್‌ವರೆಗೆ ಈ ಒಂದು ಅನುಕೂಲವನ್ನೇ ಬೇರೆ ಬೇರೆ ಬಗೆಯಲ್ಲಿ ಬಳಸಿಕೊಳ್ಳಲಾಗಿದೆ.

ಕಾರ್ಡು ಮತ್ತು ಟೇಪು

ಅಮೆರಿಕದ 1890ರ ಜನಗಣತಿಗಾಗಿ ಹರ್ಮನ್ ಹಾಲರಿತ್ ರೂಪಿಸಿದ ಯಂತ್ರಗಳು ಒಬ್ಬೊಬ್ಬ ವ್ಯಕ್ತಿಗೆ ಒಂದೊಂದು ರಂಧ್ರಕಾರ್ಡಿನಂತೆ ಎಣಿಕೆ ಮಾಡಿದವು. 1928ರಲ್ಲಿ ಐಬಿಎಂ ತಂದ 80 ಕಂಬಸಾಲಿನ ಕಾರ್ಡು ಮುಂದೆ ಹಲವು ದಶಕ ಚಲಾವಣೆಯಲ್ಲಿತ್ತು. ಕಾರ್ಡಿನ ಕಟ್ಟನ್ನು ಓದುಯಂತ್ರಕ್ಕೆ ಹಾಕಿದರೆ ಮೇಲಿನದು ಮೊದಲು, ಕೆಳಗಿನದು ಕೊನೆಗೆ. ಕಟ್ಟು ಕೈತಪ್ಪಿ ಚೆಲ್ಲಿದರೆ ಕ್ರಮ ಹೋಯಿತು. ಅದಕ್ಕಾಗಿಯೇ ಕಾರ್ಡಿನ ಕೊನೆಯ ಕಂಬಸಾಲುಗಳಲ್ಲಿ ಕ್ರಮಸಂಖ್ಯೆ ಹೊಡೆದಿಡುವ ರೂಢಿ ಬೆಳೆಯಿತು.

ಕಾಂತೀಯ ಟೇಪು ಮೂಲತಃ ಧ್ವನಿಗಾಗಿ ಹುಟ್ಟಿದ್ದು. ಜರ್ಮನಿಯ ಫ್ರಿಟ್ಜ್ ಫ್ಲಾಯ್ಮರ್ ಅದಕ್ಕೆ 1928ರಲ್ಲಿ ರೂಪ ಕೊಟ್ಟರು. ಕಂಪ್ಯೂಟರ್‌ಗೆ ಅದನ್ನು ವಾಣಿಜ್ಯ ಮಟ್ಟದಲ್ಲಿ ತಂದದ್ದು ಯೂನಿವ್ಯಾಕ್. 1951ರಲ್ಲಿ ಅಮೆರಿಕದ ಜನಗಣತಿ ಇಲಾಖೆಗೆ ಸೇರಿದ ಆ ಯಂತ್ರದ ಯೂನಿಸರ್ವೊ ಟೇಪು ಪ್ಲಾಸ್ಟಿಕ್ಕಿನದಾಗಿರಲಿಲ್ಲ, ನಿಕಲ್ ಲೇಪಿಸಿದ ಕಂಚಿನ ಪಟ್ಟಿ. ಅರ್ಧ ಅಂಗುಲ ಅಗಲ, ಅಂಗುಲಕ್ಕೆ 128 ಅಕ್ಷರ, ಸೆಕೆಂಡಿಗೆ 100 ಅಂಗುಲ ಓಟ. ಮುಂದಕ್ಕೂ ಹಿಂದಕ್ಕೂ ಓದುವ ಶಕ್ತಿ ಅದಕ್ಕಿತ್ತು. ಮರುವರ್ಷ ಐಬಿಎಂ 726 ಬಂತು: ಆಕ್ಸೈಡ್ ಸವರಿದ ಹಗುರ ಪ್ಲಾಸ್ಟಿಕ್ ಟೇಪು, ಏಳು ಟ್ರ್ಯಾಕು, ಅಂಗುಲಕ್ಕೆ 100 ಅಕ್ಷರ.

ಈ ಯಂತ್ರಗಳ ಮುಖ್ಯ ತೊಡಕು ಓಡುವುದರಲ್ಲಿ ಇರಲಿಲ್ಲ, ನಿಲ್ಲುವುದರಲ್ಲಿತ್ತು. ಕಂಪ್ಯೂಟರ್ ಒಂದು ರೆಕಾರ್ಡನ್ನು ಓದಿ, ಅದರ ಮೇಲೆ ಲೆಕ್ಕ ಮಾಡುವಷ್ಟು ಹೊತ್ತು ಟೇಪು ಕಾಯಬೇಕು. ಆದರೆ ಭಾರದ ರೀಲನ್ನು ಕೆಲವೇ ಮಿಲಿಸೆಕೆಂಡುಗಳಲ್ಲಿ ನಿಲ್ಲಿಸಿ ಮತ್ತೆ ಓಡಿಸಹೊರಟರೆ ಟೇಪು ಹರಿಯುತ್ತದೆ. ಐಬಿಎಂ ಎಂಜಿನಿಯರ್ ಜೇಮ್ಸ್ ವೈಡನ್‌ಹ್ಯಾಮರ್ ಕಂಡುಕೊಂಡ ಪರಿಹಾರ ನಿರ್ವಾತ ಕಂಬ. ಟೇಪನ್ನು ಓದುವ ಹೆಡ್ಡಿನ ಎರಡೂ ಬದಿಯಲ್ಲಿ ಎದ್ದು ನಿಂತ ಗಾಜುಮುಖದ ಗೂಡುಗಳಲ್ಲಿ ಗಾಳಿಯ ಸೆಳೆತ ಟೇಪಿನ ಒಂದು ಸಡಿಲ ಕುಣಿಕೆಯನ್ನು ಹಿಡಿದಿರುತ್ತಿತ್ತು. ಹೆಡ್ಡಿನ ಬಳಿ ಆ ಹಗುರ ಕುಣಿಕೆ ಮಾತ್ರ ಥಟ್ಟನೆ ಓಡಿ ಥಟ್ಟನೆ ನಿಲ್ಲುತ್ತಿತ್ತು. ಭಾರದ ರೀಲುಗಳು ತಮ್ಮ ವೇಗದಲ್ಲಿ ನಿಧಾನವಾಗಿ ಅದನ್ನು ಹಿಂಬಾಲಿಸುತ್ತಿದ್ದವು. ಬೇರೆ ಬೇರೆ ವೇಗದ ಎರಡು ಭಾಗಗಳ ನಡುವೆ ಒಂದಿಷ್ಟು ಸಡಿಲ ಇಡುವ ಈ ಉಪಾಯವೇ ಮುಂದೆ ಮೆಮೊರಿಯಲ್ಲಿ ಬಫರ್ ಎಂಬ ರೂಪದಲ್ಲಿ ಎಲ್ಲೆಡೆ ಕಾಣಿಸುತ್ತದೆ.

ಎಷ್ಟೇ ಚುರುಕಾಗಿದ್ದರೂ ನಿಂತು ಹೊರಡಲು ಟೇಪಿಗೆ ಒಂದಷ್ಟು ಜಾಗ ಬೇಕು. ಅದಕ್ಕಾಗಿ ಎರಡು ಬ್ಲಾಕುಗಳ ನಡುವೆ ಖಾಲಿ ಬಿಡುತ್ತಿದ್ದರು. 1964ರ ಐಬಿಎಂ ಸಿಸ್ಟಮ್/360ರ ಜೊತೆ ಬಂದು ಜಗತ್ತಿನೆಲ್ಲೆಡೆ ಹರಡಿದ ಒಂಬತ್ತು ಟ್ರ್ಯಾಕಿನ ಟೇಪಿನಲ್ಲಿ ಈ ಖಾಲಿ ಜಾಗ 0.6 ಅಂಗುಲ. (ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ಕೇಂದ್ರದಲ್ಲಿ 1970ರ ದಶಕದಲ್ಲಿ ದುಡಿದ 360/44 ಯಂತ್ರವೂ ಇದೇ ಕುಟುಂಬದ್ದು.) ಈ ಅಂತರದ ಪರಿಣಾಮ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಅಂಗುಲಕ್ಕೆ 1600 ಬೈಟ್ ಹಿಡಿಯುವ 2400 ಅಡಿಯ ಒಂದು ರೀಲು. ಅಂದರೆ 28,800 ಅಂಗುಲ. 80 ಬೈಟ್‌ನ ಒಂದೊಂದು ರೆಕಾರ್ಡನ್ನೂ ಬಿಡಿಬಿಡಿಯಾಗಿ ಬರೆದರೆ ರೆಕಾರ್ಡಿಗೆ ಹಿಡಿಯುವುದು 0.05 ಅಂಗುಲ, ಅದರ ಪಕ್ಕದ ಖಾಲಿಗೆ 0.6 ಅಂಗುಲ. ಟೇಪಿನ ನೂರರಲ್ಲಿ ತೊಂಬತ್ತೆರಡು ಪಾಲು ಏನೂ ಇಲ್ಲದೆ ಓಡುತ್ತದೆ. ರೀಲಿನಲ್ಲಿ ಹಿಡಿಯುವುದು ಸುಮಾರು 35 ಲಕ್ಷ ಬೈಟ್. ಅದೇ ರೆಕಾರ್ಡುಗಳನ್ನು ನೂರು ನೂರರ ಬ್ಲಾಕಾಗಿ ಕಟ್ಟಿ ಬರೆದರೆ 5 ಅಂಗುಲ ದತ್ತಾಂಶಕ್ಕೆ 0.6 ಅಂಗುಲ ಖಾಲಿ. ರೀಲು 4 ಕೋಟಿ 11 ಲಕ್ಷ ಬೈಟ್ ಹಿಡಿಯುತ್ತದೆ. ಅದೇ ಯಂತ್ರ, ಅದೇ ಟೇಪು. ಹನ್ನೊಂದು ಪಟ್ಟಿಗೂ ಮೀರಿದ ಈ ವ್ಯತ್ಯಾಸ ಬಂದದ್ದು ಒಂದು ಸಲಕ್ಕೆ ಎಷ್ಟು ಓದಬೇಕು ಎಂಬ ತೀರ್ಮಾನದಿಂದ.

ರೀಲಿನ ಎರಡು ತುದಿಯಲ್ಲೂ ಬೆಳಕು ಪ್ರತಿಫಲಿಸುವ ಸಣ್ಣ ಪಟ್ಟಿ ಅಂಟಿಸಿರುತ್ತಿತ್ತು. ದ್ಯುತಿಕೋಶ ಅದನ್ನು ಗುರುತಿಸಿ ಟೇಪಿನ ಆರಂಭ, ಅಂತ್ಯಗಳನ್ನು ತಿಳಿಸುತ್ತಿತ್ತು. ಫೈಲಿನ ಮೊದಲು ಮತ್ತು ಕೊನೆಗೆ 80 ಅಕ್ಷರದ ಲೇಬಲ್ ರೆಕಾರ್ಡುಗಳು. ಕಾರ್ಡಿನ ಅಳತೆ ಟೇಪಿನೊಳಗೂ ಹಾಗೆಯೇ ಮುಂದುವರಿಯಿತು.

ಎರಡು ಸಾಲುಗಳನ್ನು ಒಟ್ಟಿಗೆ ಓದುವುದು

ಸಾಲಾಗಿ ಮಾತ್ರ ಓದಬಹುದಾದ ಟೇಪಿನಿಂದ ಬ್ಯಾಂಕಿನ ಲೆಕ್ಕ ಇಡುವುದು ಹೇಗೆ? ಕಂಪ್ಯೂಟರ್ ಇತಿಹಾಸದ ಅತ್ಯಂತ ಸೊಗಸಾದ ಕ್ರಮವಿಧಿಗಳಲ್ಲೊಂದು ಈ ಇಕ್ಕಟ್ಟಿನಿಂದಲೇ ಹುಟ್ಟಿತು.

ಎಲ್ಲ ಖಾತೆಗಳೂ ಖಾತೆ ಸಂಖ್ಯೆಯ ಏರಿಕೆ ಕ್ರಮದಲ್ಲಿ ಒಂದು ಮೂಲ ಟೇಪಿನಲ್ಲಿ ಇರುತ್ತವೆ. ದಿನದ ಜಮೆ, ಖರ್ಚುಗಳನ್ನು ಇನ್ನೊಂದು ಟೇಪಿಗೆ ಬರೆದು ಅವನ್ನೂ ಖಾತೆ ಸಂಖ್ಯೆಯ ಕ್ರಮಕ್ಕೆ ಜೋಡಿಸುತ್ತಾರೆ. ಪ್ರೋಗ್ರಾಮು ಎರಡರಿಂದಲೂ ಒಂದೊಂದು ರೆಕಾರ್ಡು ಓದಿ ಸಂಖ್ಯೆಗಳನ್ನು ಹೋಲಿಸುತ್ತದೆ. ಮೂಲದ ಸಂಖ್ಯೆ ಚಿಕ್ಕದಾಗಿದ್ದರೆ ಆ ಖಾತೆಗೆ ಇನ್ನು ವಹಿವಾಟು ಇಲ್ಲ. ಅದನ್ನು ಮೂರನೆಯ ಟೇಪಿಗೆ, ಅಂದರೆ ಹೊಸ ಮೂಲಕ್ಕೆ ಬರೆದು ಮುಂದಿನ ಖಾತೆ ಓದಬೇಕು. ಸಮವಾಗಿದ್ದರೆ ವಹಿವಾಟನ್ನು ಖಾತೆಗೆ ಸೇರಿಸಿ ಮುಂದಿನ ವಹಿವಾಟು ಓದಬೇಕು. ವಹಿವಾಟಿನ ಸಂಖ್ಯೆಯೇ ಚಿಕ್ಕದಾಗಿದ್ದರೆ ಅದು ಹೊಸ ಖಾತೆ, ಇಲ್ಲವೇ ತಪ್ಪು ನಮೂದು. ಒಂದು ಟೇಪು ಮೊದಲೇ ಮುಗಿದರೆ ಅದರ ಸಂಖ್ಯೆಯ ಜಾಗದಲ್ಲಿ ಸಾಧ್ಯವಿರುವ ಅತಿ ದೊಡ್ಡ ಬೆಲೆಯನ್ನು ಇಟ್ಟುಬಿಡುತ್ತಾರೆ. ಕೋಬಾಲ್ ಭಾಷೆಯಲ್ಲಿ ಅದಕ್ಕೆ ಹೈ-ವ್ಯಾಲ್ಯೂಸ್ ಎಂಬ ಸಿದ್ಧ ಹೆಸರೇ ಇದೆ. ಆಗ ಇನ್ನೊಂದು ಟೇಪು ತಂತಾನೇ ಕೊನೆಮುಟ್ಟುತ್ತದೆ. ಎರಡೂ ಟೇಪುಗಳು ಒಂದೊಂದು ಸಲ ಮಾತ್ರ ಓಡುತ್ತವೆ, ಮೆಮೊರಿಯಲ್ಲಿ ಯಾವಾಗಲೂ ಬೆರಳೆಣಿಕೆಯ ರೆಕಾರ್ಡುಗಳು ಮಾತ್ರ ಇರುತ್ತವೆ, ಖಾತೆಗಳು ಎಷ್ಟು ಲಕ್ಷವಾದರೂ ಸರಿಯೆ.

ಹಳೆಯ ಮೂಲ ಟೇಪನ್ನು ಯಾರೂ ಅಳಿಸದೆ ಇರುವುದರಿಂದ ಈ ವಿಧಾನ ಇನ್ನೊಂದು ಉಪಕಾರವನ್ನೂ ಮಾಡಿತು. ಇಂದಿನ ಮೂಲ ಮಗ, ನಿನ್ನೆಯದು ತಂದೆ, ಮೊನ್ನೆಯದು ಅಜ್ಜ ಎಂದು ಮೂರು ತಲೆಮಾರಿನ ಟೇಪುಗಳನ್ನು ಕಾದಿಡುವ ಪದ್ಧತಿ ಬೆಳೆಯಿತು. ಮಗ ಕೆಟ್ಟರೆ ತಂದೆಯನ್ನೂ ಆ ದಿನದ ವಹಿವಾಟನ್ನೂ ಮತ್ತೆ ಓಡಿಸಿ ಮಗನನ್ನು ಪಡೆಯಬಹುದು.

ಇದೆಲ್ಲಕ್ಕೂ ಮೊದಲು ವಹಿವಾಟುಗಳು ಕ್ರಮದಲ್ಲಿ ಜೋಡಣೆಯಾಗಬೇಕು. ಜಾನ್ ವಾನ್ ನ್ಯೂಮನ್ 1945ರಲ್ಲೇ ಬರೆದಿದ್ದ ವಿಲೀನ ವಿಂಗಡಣೆ ಟೇಪಿಗೆ ಹೇಳಿ ಮಾಡಿಸಿದಂತಿತ್ತು: ಮೆಮೊರಿಯಲ್ಲಿ ಹಿಡಿಯುವಷ್ಟನ್ನು ಓದಿ ಜೋಡಿಸಿ ಚಿಕ್ಕ ಸಾಲುಗಳನ್ನು ಮಾಡುವುದು, ಎರಡು ಸಾಲುಗಳ ಮೊದಲ ರೆಕಾರ್ಡುಗಳನ್ನು ಹೋಲಿಸುತ್ತ ಒಂದು ದೊಡ್ಡ ಸಾಲಾಗಿ ಬೆಸೆಯುವುದು, ಹೀಗೆ ಒಂದೇ ಸಾಲು ಉಳಿಯುವವರೆಗೆ. ಪ್ರತಿ ಸುತ್ತಿನ ಕೊನೆಗೂ ಟೇಪನ್ನು ಹಿಂದಕ್ಕೆ ಸುತ್ತುವ ಕಾಲ ವ್ಯರ್ಥವಾಗುತ್ತಿತ್ತು. ಹಿಂದಕ್ಕೂ ಓದಬಲ್ಲ ಯಂತ್ರಗಳಲ್ಲಿ ಒಂದು ಸುತ್ತು ಏರಿಕೆ ಕ್ರಮ, ಮರುಸುತ್ತು ಇಳಿಕೆ ಕ್ರಮ ಮಾಡಿ ಆ ಕಾಲವನ್ನೂ ಉಳಿಸಿದರು. 1960ರ ದಶಕದ ತಯಾರಕರ ಅಂದಾಜಿನಂತೆ ಅವರ ಕಂಪ್ಯೂಟರ್‌ಗಳ ದುಡಿಮೆಯ ಕಾಲದಲ್ಲಿ ಕಾಲು ಭಾಗಕ್ಕೂ ಹೆಚ್ಚು ವಿಂಗಡಣೆಗೇ ಹೋಗುತ್ತಿತ್ತು ಎಂದು ಡೊನಾಲ್ಡ್ ಕ್ನುತ್ ದಾಖಲಿಸಿದ್ದಾರೆ. 1973ರಲ್ಲಿ ಬಂದ ಅವರ ಮಹಾಗ್ರಂಥದ ಮೂರನೆಯ ಸಂಪುಟದಲ್ಲಿ ಟೇಪಿನ ವಿಲೀನಕ್ಕೆ ಸಿಕ್ಕಿರುವ ಪುಟಗಳನ್ನು ಇಂದಿನ ವಿದ್ಯಾರ್ಥಿಗಳು ಹಾರಿಸಿಬಿಡುತ್ತಾರೆ. ಹಾಗೆ ಹಾರಿಸುವುದು ದೊಡ್ಡ ನಷ್ಟ. ಮೆಮೊರಿಗಿಂತ ದೊಡ್ಡದಾದ ದತ್ತಾಂಶ ಎಂಬ ಸಮಸ್ಯೆ ಎಲ್ಲಿ ಎದುರಾದರೂ ಆ ಪುಟಗಳ ವಿಚಾರಗಳೇ ಮರಳಿ ಬರುತ್ತವೆ.

ಡಿಸ್ಕು: ನೆಗೆಯಬಹುದು, ಆದರೆ ಬೆಲೆ ತೆರಬೇಕು

1956ರಲ್ಲಿ ಐಬಿಎಂ ಹೊರತಂದ ರ‍್ಯಾಮ್ಯಾಕ್ ಯಂತ್ರದ 350 ಡಿಸ್ಕು ಘಟಕದಲ್ಲಿ 24 ಅಂಗುಲ ವ್ಯಾಸದ ಐವತ್ತು ತಟ್ಟೆಗಳು, ಒಟ್ಟು 50 ಲಕ್ಷ ಅಕ್ಷರಗಳ ಜಾಗ. ಓದುವ ತೋಳು ಮೇಲೆ ಕೆಳಗೆ ಸರಿದು ಬೇಕಾದ ತಟ್ಟೆಯ ನಡುವೆ ನುಗ್ಗುತ್ತಿತ್ತು. ಯಾವ ಖಾತೆಯನ್ನಾದರೂ ಒಂದು ಸೆಕೆಂಡಿನೊಳಗೆ ತೋರಿಸಬಲ್ಲ ಈ ಯಂತ್ರದಿಂದ, ವಹಿವಾಟನ್ನು ರಾತ್ರಿಯ ಟೇಪಿಗೆ ಕಾಯಿಸದೆ ಬಂದಾಗಲೇ ದಾಖಲಿಸುವುದು ಸಾಧ್ಯವಾಯಿತು.

ಆದರೆ ತಿರುಗುವ ತಟ್ಟೆಯಲ್ಲೂ ಭೌತಿಕ ಚಲನೆ ಇದ್ದೇ ಇದೆ. ನಿಮಿಷಕ್ಕೆ 7200 ಸುತ್ತುವ ಈಗಿನ ಒಂದು ಸಾಮಾನ್ಯ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.33 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೇಕಾದ ಸೆಕ್ಟರ್ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ತೋಳು ಸರಿಯಾದ ಟ್ರ್ಯಾಕಿಗೆ ಸರಿಯಲು ಇನ್ನೆಂಟು ಮಿಲಿಸೆಕೆಂಡಿನಷ್ಟು. ಒಟ್ಟು ಹನ್ನೆರಡೂವರೆ ಎಂದಿಟ್ಟುಕೊಂಡರೆ, ಸೆಕೆಂಡಿಗೆ ಎಂಬತ್ತು ನೆಗೆತ ಮಾತ್ರ. ಒಂದು ಗಿಗಾಬೈಟ್ ಫೈಲನ್ನು 4 ಕಿಲೋಬೈಟ್ ತುಣುಕುಗಳಾಗಿ, ಡಿಸ್ಕಿನ ತುಂಬ ಚದುರಿದಂತೆ ಓದಿದರೆ 2,62,144 ನೆಗೆತ ಬೇಕು. ಸುಮಾರು 55 ನಿಮಿಷ. ಅದೇ ಫೈಲು ಸಾಲಾಗಿ ಕೂತಿದ್ದು ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಹರಿದುಬಂದರೆ ಏಳು ಸೆಕೆಂಡು ಸಾಕು. ಹೊರಗಿನ ಟ್ರ್ಯಾಕುಗಳ ಸುತ್ತಳತೆ ಹೆಚ್ಚಿರುವುದರಿಂದ ಅಲ್ಲಿ ಸೆಕ್ಟರ್‌ಗಳೂ ಹೆಚ್ಚು. ಹೀಗಾಗಿ ಅದೇ ಡಿಸ್ಕಿನಲ್ಲಿ ಅಂಚಿನ ಫೈಲು ಒಳಗಿನದಕ್ಕಿಂತ ಬೇಗ ಓದಿಸಿಕೊಳ್ಳುತ್ತದೆ.

ಆರಂಭದ ಪರ್ಸನಲ್ ಕಂಪ್ಯೂಟರ್‌ಗಳ ನಿಯಂತ್ರಕಗಳು ಒಂದು ಸೆಕ್ಟರ್ ಓದಿ ಸುಧಾರಿಸಿಕೊಳ್ಳುವಷ್ಟರಲ್ಲಿ ಪಕ್ಕದ ಸೆಕ್ಟರ್ ದಾಟಿಹೋಗಿರುತ್ತಿತ್ತು, ಪೂರ್ತಿ ಒಂದು ಸುತ್ತು ಕಾಯಬೇಕಾಗುತ್ತಿತ್ತು. ಅದಕ್ಕೆಂದು ಕ್ರಮಸಂಖ್ಯೆಗಳನ್ನು ಬಿಟ್ಟುಬಿಟ್ಟು ಹಂಚುತ್ತಿದ್ದರು: ಒಂದರ ನಂತರದ ಎರಡು ತಟ್ಟೆಯ ಮೇಲೆ ಎರಡೋ ಮೂರೋ ಸ್ಥಾನ ಆಚೆ ಇರುತ್ತಿತ್ತು. ಓದುವವನ ವೇಗಕ್ಕೆ ತಕ್ಕಂತೆ ದತ್ತಾಂಶದ ಸಾಲನ್ನೇ ಹಿಗ್ಗಿಸಿದ ಉದಾಹರಣೆ ಇದು.

ಫೈಲಿನ ಬೈಟ್‌ಗಳು ಬಳಕೆದಾರನ ಕಣ್ಣಿಗೆ ಸಾಲಾಗಿ ಕಂಡರೂ ಡಿಸ್ಕಿನ ಮೇಲೆ ಚದುರಿರಬಹುದು. ಯೂನಿಕ್ಸ್‌ನ ಹಳೆಯ ಫೈಲ್ ವ್ಯವಸ್ಥೆಯಲ್ಲಿ ಆದದ್ದು ಇದೇ. ಹೊಸದಾಗಿ ಸಿದ್ಧಪಡಿಸಿದಾಗ ಸೆಕೆಂಡಿಗೆ 175 ಕಿಲೋಬೈಟ್ ಕೊಡುತ್ತಿದ್ದ ಡಿಸ್ಕು ಕೆಲವೇ ವಾರಗಳ ಬಳಕೆಯಲ್ಲಿ 30ಕ್ಕೆ ಇಳಿಯುತ್ತಿತ್ತು. ಫೈಲುಗಳು ಹುಟ್ಟಿ ಅಳಿದಂತೆಲ್ಲ ಖಾಲಿ ಬ್ಲಾಕುಗಳ ಪಟ್ಟಿ ಕಲಸಿಹೋಗಿ, ಒಂದೇ ಫೈಲಿನ ಅಕ್ಕಪಕ್ಕದ ಬ್ಲಾಕುಗಳು ಡಿಸ್ಕಿನ ಬೇರೆ ಬೇರೆ ಮೂಲೆ ಸೇರುತ್ತಿದ್ದವು. ಬರ್ಕ್ಲಿಯ ಮಾರ್ಷಲ್ ಕರ್ಕ್ ಮೆಕ್‌ಕ್ಯುಸಿಕ್, ಬಿಲ್ ಜಾಯ್, ಸ್ಯಾಮ್ಯುಯೆಲ್ ಲೆಫ್ಲರ್, ರಾಬರ್ಟ್ ಫ್ಯಾಬ್ರಿ 1984ರಲ್ಲಿ ಪ್ರಕಟಿಸಿದ ಹೊಸ ವ್ಯವಸ್ಥೆ ಡಿಸ್ಕನ್ನು ನೆರೆಹೊರೆಯ ಗುಂಪುಗಳಾಗಿ ಒಡೆದು, ಒಂದು ಫೈಲಿನ ಬ್ಲಾಕುಗಳನ್ನು ಆದಷ್ಟೂ ಒಂದೇ ಗುಂಪಿನಲ್ಲಿ ಇಟ್ಟಿತು, ಬ್ಲಾಕಿನ ಅಳತೆಯನ್ನೂ ಹಿಗ್ಗಿಸಿತು. ಡಿಸ್ಕಿನ ನಿಜವಾದ ಶಕ್ತಿಯಲ್ಲಿ ನೂರಕ್ಕೆ ಮೂರೋ ನಾಲ್ಕೋ ಪಾಲು ಸಿಗುತ್ತಿದ್ದ ಕಡೆ ಅರ್ಧದ ಸಮೀಪ ಸಿಗತೊಡಗಿತು. ಯಂತ್ರದ ಒಂದು ತಿರುಪನ್ನೂ ಬದಲಿಸದೆ ಪಡೆದ ಫಲ ಇದು.

ಮುಂಗಡ ಓದು

ಯೂನಿಕ್ಸ್ ಫೈಲನ್ನು ಬೈಟ್‌ಗಳ ಒಂದು ಸಾಲು ಎಂದಷ್ಟೇ ಕಂಡಿತು. ತೆರೆದ ಫೈಲಿಗೆ ಒಂದು ಸ್ಥಾನಸೂಚಿ. ರೀಡ್ ಎಂದು ಕೇಳಿದಷ್ಟು ಬೈಟ್ ಕೊಟ್ಟು ಸೂಚಿ ಅಷ್ಟೇ ಮುಂದೆ ಸರಿಯುತ್ತದೆ. ಉತ್ತರ ಸೊನ್ನೆ ಬೈಟ್ ಬಂದರೆ ಫೈಲು ಮುಗಿಯಿತು. ನೆಗೆಯಬೇಕಾದವರು ಬೇರೆಯಾಗಿ ಕೇಳಿಕೊಳ್ಳಬೇಕು. ಏನೂ ಹೇಳದಿದ್ದರೆ ಸಾಲಾಗಿ ಓದು ಎಂಬುದೇ ಇಲ್ಲಿನ ಸಹಜ ಸ್ಥಿತಿ.

ಈ ಸಹಜತೆಯನ್ನು ಕಾರ್ಯಾಚರಣ ವ್ಯವಸ್ಥೆ ಗಮನಿಸುತ್ತಿರುತ್ತದೆ. ಹಿಂದಿನ ಓದು ಎಲ್ಲಿ ಮುಗಿದಿತ್ತೋ ಅಲ್ಲಿಂದಲೇ ಈಗಿನದು ಆರಂಭವಾದರೆ, ಕೇಳದಿದ್ದರೂ ಮುಂದಿನ ಬ್ಲಾಕುಗಳನ್ನು ಮೆಮೊರಿಗೆ ತರಿಸಲು ಹೊರಡುತ್ತದೆ. ಊಹೆ ನಿಜವಾದಂತೆಲ್ಲ ಮುಂಗಡದ ಅಳತೆಯನ್ನು ಏರಿಸುತ್ತದೆ. ಬಳಕೆದಾರ ಪ್ರೋಗ್ರಾಮು ಬೇರೆಲ್ಲಿಗೋ ನೆಗೆದರೆ ಇಳಿಸುತ್ತದೆ. ಲಿನಕ್ಸ್‌ನಲ್ಲಿ ಈ ಮುಂಗಡದ ರೂಢಿಯ ಮಿತಿ 128 ಕಿಲೋಬೈಟ್. ಪ್ರೋಗ್ರಾಮು ತಾನು ಕೊನೆಯವರೆಗೂ ಸಾಲಾಗಿಯೇ ಓದುತ್ತೇನೆಂದು ಮೊದಲೇ ತಿಳಿಸಿದರೆ ಮಿತಿ ಎರಡು ಪಟ್ಟಾಗುತ್ತದೆ. ಮುಂಗಡ ತಂದದ್ದರ ಕೊನೆ ಮುಟ್ಟುವವರೆಗೂ ಕಾಯದೆ, ನಡುವೆ ಒಂದು ಪುಟಕ್ಕೆ ಗುರುತು ಹಾಕಿ, ಓದು ಆ ಗುರುತನ್ನು ದಾಟಿದ ಕೂಡಲೇ ಮುಂದಿನ ಕಂತಿಗೆ ಆದೇಶ ಹೋಗುತ್ತದೆ. ಹೀಗಾಗಿ ಲೆಕ್ಕ ಮಾಡುವ ಕಾಲ ಮತ್ತು ಡಿಸ್ಕು ಕಾಯಿಸುವ ಕಾಲ ಒಂದರ ಮೇಲೊಂದು ಬೀಳುತ್ತವೆ. ಪ್ರೋಗ್ರಾಮು ಕೇಳುವ ಹೊತ್ತಿಗೆ ದತ್ತಾಂಶ ಮೆಮೊರಿಯಲ್ಲಿ ಸಿದ್ಧವಾಗಿರುತ್ತದೆ.

ಅನುಕ್ರಮ ಓದಿನಿಂದ ಒಂದು ಕೇಡೂ ಇದೆ. ಇತ್ತೀಚೆಗೆ ಬಳಸಿದ್ದನ್ನು ಉಳಿಸಿಕೊಂಡು ಬಹಳ ಹೊತ್ತಿನಿಂದ ಬಳಸದ್ದನ್ನು ಹೊರಹಾಕುವುದು ಕ್ಯಾಶ್‌ಗಳ ಸಾಮಾನ್ಯ ನಿಯಮ. ಕ್ಯಾಶ್‌ಗಿಂತ ತುಸುವೇ ದೊಡ್ಡದಾದ ಫೈಲನ್ನು ಮತ್ತೆ ಮತ್ತೆ ಮೊದಲಿನಿಂದ ಓದಿದಾಗ ಈ ನಿಯಮ ಪೂರ್ತಿ ಸೋಲುತ್ತದೆ: ಪ್ರತಿಯೊಂದು ಪುಟವೂ ಮತ್ತೆ ಬೇಕಾಗುವುದಕ್ಕೆ ಸ್ವಲ್ಪ ಮೊದಲು ಹೊರಬಿದ್ದಿರುತ್ತದೆ. ಒಂದೇ ಸಲ ಓದಿದರೂ ತೊಂದರೆಯೇ, ಇತರರಿಗೆ ಬೇಕಾದ ಪುಟಗಳನ್ನೆಲ್ಲ ಆ ದೊಡ್ಡ ಓದು ಗುಡಿಸಿಹಾಕುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸು ಇದಕ್ಕೆ ಕಂಡುಕೊಂಡ ದಾರಿ ಚೆನ್ನಾಗಿದೆ. ಹಂಚಿಕೆಯ ಬಫರ್‌ನ ಕಾಲು ಭಾಗಕ್ಕಿಂತ ದೊಡ್ಡ ಕೋಷ್ಟಕವನ್ನು ಸಾಲಾಗಿ ಓದುವಾಗ ಅದು ಚಿಕ್ಕದೊಂದು ಉಂಗುರವನ್ನಷ್ಟೇ ಆ ಓದಿಗೆ ಕೊಡುತ್ತದೆ; ಓದಿ ಮುಗಿದ ಪುಟದ ಜಾಗಕ್ಕೇ ಹೊಸ ಪುಟ ಬರುತ್ತದೆ. ಇನ್ನೊಬ್ಬರು ಅದೇ ಕೋಷ್ಟಕವನ್ನು ಓದಲು ಶುರುಮಾಡಿದರೆ ಮೊದಲಿನಿಂದ ಹೊರಡದೆ ಈಗ ನಡೆಯುತ್ತಿರುವ ಓದನ್ನೇ ನಡುವೆ ಸೇರಿಕೊಂಡು, ಬಿಟ್ಟುಹೋದ ಭಾಗವನ್ನು ಕೊನೆಗೆ ಓದಿಕೊಳ್ಳುತ್ತಾರೆ.

ಡೇಟಾಬೇಸಿನ ಆಯ್ಕೆ

ಸೂಚಿಕೆ (ಇಂಡೆಕ್ಸ್) ಇದ್ದರೆ ಹುಡುಕಾಟ ಯಾವಾಗಲೂ ಬೇಗ ಎಂಬ ನಂಬಿಕೆ ವ್ಯಾಪಕವಾಗಿದೆ. ಕೋಷ್ಟಕದ ಸಣ್ಣ ಭಾಗ ಬೇಕಿದ್ದಾಗ ಅದು ನಿಜ. ಗಣನೀಯ ಭಾಗವೇ ಬೇಕಾದರೆ ಸೂಚಿಕೆ ಹಿಡಿದು ಒಂದೊಂದು ಪುಟಕ್ಕೂ ನೆಗೆಯುವುದಕ್ಕಿಂತ ಇಡೀ ಕೋಷ್ಟಕವನ್ನು ಸಾಲಾಗಿ ಓದಿ ಬೇಡದ್ದನ್ನು ಬಿಡುವುದೇ ಅಗ್ಗ. ಪೋಸ್ಟ್‌ಗ್ರೆಸ್‌ನ ಯೋಜಕ ಇದನ್ನು ಅಂಕಿಯಲ್ಲೇ ಇಟ್ಟುಕೊಂಡಿದೆ: ಸಾಲಿನಲ್ಲಿ ಸಿಗುವ ಒಂದು ಪುಟದ ಬೆಲೆ 1, ನೆಗೆದು ತರುವ ಪುಟದ ಬೆಲೆ 4. ಯಂತ್ರ ಬದಲಾದರೆ ಈ ಅಂಕಿಯನ್ನು ನಿರ್ವಾಹಕರು ತಿದ್ದಿಕೊಳ್ಳಬಹುದು. ಪ್ರಶ್ನೆ ನಿಧಾನವಾಯಿತೆಂದು ದೂರುವ ಅನೇಕರು ಸೂಚಿಕೆಯ ಮೇಲೆ ಸೂಚಿಕೆ ಸೇರಿಸುತ್ತಾರೆ. ಮೊದಲು ನೋಡಬೇಕಾದದ್ದು ಈ ಎರಡು ಸಂಖ್ಯೆಗಳನ್ನು.

ಸೂಚಿಕೆಗಳ ರಚನೆಯಲ್ಲೂ ಸಾಲು ಅಡಗಿದೆ. ಬೋಯಿಂಗ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ಸುಮಾರಿಗೆ ರೂಪಿಸಿದ ಬಿ-ಟ್ರೀಯ ಮುಂದಿನ ರೂಪದಲ್ಲಿ ಎಲ್ಲ ರೆಕಾರ್ಡುಗಳೂ ಎಲೆಗಳಲ್ಲಿ ಇರುತ್ತವೆ, ಎಲೆಗಳು ಒಂದಕ್ಕೊಂದು ಕೊಂಡಿಯಿಂದ ಸೇರಿರುತ್ತವೆ. ಬೇರಿನಿಂದ ಒಮ್ಮೆ ಇಳಿದು, ಆಮೇಲೆ ಎಲೆಯಿಂದ ಎಲೆಗೆ ನಡೆಯುತ್ತ ಒಂದು ಇಡೀ ವ್ಯಾಪ್ತಿಯನ್ನು ಓದಬಹುದು. ಎರಡು ಕೋಷ್ಟಕಗಳನ್ನು ಕ್ರಮದಲ್ಲಿ ಜೋಡಿಸಿ ಬೆಸೆಯುವ ವಿಧಾನ ಟೇಪುಕಾಲದ ಬ್ಯಾಂಕ್ ಲೆಕ್ಕವೇ. ಪ್ಯಾಟ್ರಿಕ್ ಒನೀಲ್ ಮತ್ತು ಸಂಗಡಿಗರು 1996ರಲ್ಲಿ ವಿವರಿಸಿದ ಎಲ್‌ಎಸ್‌ಎಂ-ಟ್ರೀಯಲ್ಲೂ ಹಾಗೆಯೇ: ಹೊಸ ದಾಖಲೆಗಳು ಮೆಮೊರಿಯಲ್ಲಿ ಜಮಾವಣೆಯಾಗಿ, ಕ್ರಮಬದ್ಧ ಸಾಲುಗಳಾಗಿ ಡಿಸ್ಕಿಗೆ ಇಳಿದು, ಹಿನ್ನೆಲೆಯಲ್ಲಿ ವಿಲೀನವಾಗುತ್ತಿರುತ್ತವೆ. ಗೂಗಲ್ 2003ರಲ್ಲಿ ಬಣ್ಣಿಸಿದ ಫೈಲ್ ವ್ಯವಸ್ಥೆ 64 ಮೆಗಾಬೈಟ್‌ನ ದೊಡ್ಡ ತುಂಡುಗಳನ್ನು ಆರಿಸಿಕೊಂಡದ್ದಕ್ಕೆ ಅಲ್ಲಿನ ಬಹುಪಾಲು ಕೆಲಸ ದೊಡ್ಡ ಫೈಲುಗಳನ್ನು ಹರಿವಿನಂತೆ ಓದುವುದೇ ಆಗಿದ್ದದ್ದು ಒಂದು ಮುಖ್ಯ ಕಾರಣ.

ಚಲಿಸುವ ಭಾಗವೇ ಇಲ್ಲದಿದ್ದಾಗ

ಫ್ಲ್ಯಾಶ್ ಡ್ರೈವಿನಲ್ಲಿ ತೋಳೂ ಇಲ್ಲ, ತಟ್ಟೆಯೂ ಇಲ್ಲ. ನೆಗೆತಕ್ಕೆ ಮಿಲಿಸೆಕೆಂಡಿನ ಬದಲು ಮೈಕ್ರೊಸೆಕೆಂಡು ಸಾಕು. ಆದರೂ ಸಾಲಾದ ಓದು ಅಲ್ಲಿಯೂ ಮುಂದಿದೆ. ಒಂದು ದೊಡ್ಡ ಕೋರಿಕೆಯನ್ನು ಡ್ರೈವು ಹಲವು ಚಿಪ್ಪುಗಳಿಗೆ ಹಂಚಿ ಏಕಕಾಲದಲ್ಲಿ ಓದಿಸುತ್ತದೆ. ವಿಳಾಸ ಪರಿವರ್ತನೆಯ ಪಟ್ಟಿಯನ್ನು ನೋಡುವ ಕೆಲಸವೂ ಆದೇಶಗಳ ಎಣಿಕೆಯೂ ಕಡಿಮೆಯಾಗುತ್ತವೆ. ಅಂತರ ನೂರಾರು ಪಟ್ಟಿನಿಂದ ಕೆಲವೇ ಪಟ್ಟಿಗೆ ಇಳಿಯಿತು ಎನ್ನಬಹುದು.

ಮುಖ್ಯ ಮೆಮೊರಿಯನ್ನು ಎಲ್ಲರೂ ನೇರ ಓದಿನ ಮಾದರಿ ಎಂದೇ ಪರಿಗಣಿಸುತ್ತಾರೆ. ಒಳಗೆ ಇಳಿದು ನೋಡಿದರೆ ಅಲ್ಲಿಯೂ ಸಾಲಿಗೆ ಮರ್ಯಾದೆ ಇದೆ. ಪ್ರೊಸೆಸರ್ ಒಂದು ಬೈಟ್ ಕೇಳಿದರೂ ಬರುವುದು ಅದರ ಅಕ್ಕಪಕ್ಕ ಸೇರಿ 64 ಬೈಟ್‌ಗಳ ಒಂದು ಸಾಲು. ಓದು ಸಮ ಹೆಜ್ಜೆಯಲ್ಲಿ ಸಾಗುತ್ತಿದೆಯೆಂದು ಕಂಡರೆ ಪ್ರೊಸೆಸರ್‌ನ ಒಳಗಿನ ಮಂಡಲವೇ ಮುಂದಿನ ಸಾಲುಗಳನ್ನು ತರಿಸುತ್ತದೆ. 8 ಬೈಟ್‌ನ ಸಂಖ್ಯೆಗಳ ದೊಡ್ಡ ಕೋಷ್ಟಕವನ್ನು ಸಿ ಭಾಷೆಯಲ್ಲಿ ಅಡ್ಡಸಾಲಿನಂತೆ ಕೂಡಿದರೆ ತಂದ ಎಂಟೂ ಸಂಖ್ಯೆಗಳು ಬಳಕೆಯಾಗುತ್ತವೆ; ಕಂಬಸಾಲಿನಂತೆ ಕೂಡಿದರೆ ಪ್ರತಿ ಸಲವೂ ಎಂಟರಲ್ಲಿ ಒಂದನ್ನು ಬಳಸಿ ಏಳನ್ನು ಬಿಟ್ಟಂತೆ. ಫೋರ್ಟ್ರಾನ್‌ನಲ್ಲಿ ಸಂಗ್ರಹಕ್ರಮ ಇದಕ್ಕೆ ತಿರುಗುಮುರುಗು, ಹಾಗಾಗಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಪ್ರೋಗ್ರಾಮನ್ನು ತಿರುಗಿಸುವಾಗ ಉತ್ತರ ಸರಿಯಿದ್ದೂ ವೇಗ ಕುಸಿಯುವುದುಂಟು.

ಉಪಗ್ರಹ ಚಿತ್ರಗಳ ಸಂಗ್ರಹದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಸಿದ್ಧವಾಗಿ 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಐಆರ್‌ಎಸ್-1ಎ ಉಪಗ್ರಹದ ಲಿಸ್ ಕ್ಯಾಮೆರಾಗಳು ನೆಲವನ್ನು ನಾಲ್ಕು ಬೆಳಕಿನ ಪಟ್ಟಿಗಳಲ್ಲಿ ಒಂದೊಂದೇ ಗೆರೆಯಾಗಿ ಸೆರೆಹಿಡಿಯುತ್ತಿದ್ದವು. ಇಂಥ ಬಹುಪಟ್ಟಿ ಚಿತ್ರವನ್ನು ಒಂದು ಪಟ್ಟಿ ಪೂರ್ತಿ ಮುಗಿದ ಮೇಲೆ ಇನ್ನೊಂದು ಎಂದು ಬರೆಯಬಹುದು. ಒಂದು ಗೆರೆಯ ನಾಲ್ಕೂ ಪಟ್ಟಿ ಬರೆದು ಮುಂದಿನ ಗೆರೆಗೆ ಹೋಗಬಹುದು. ಇಲ್ಲವೇ ಒಂದೊಂದು ಬಿಂದುವಿನ ನಾಲ್ಕೂ ಬೆಲೆಗಳನ್ನು ಒಟ್ಟಿಗೆ ಇಡಬಹುದು. ಒಂದೇ ಪಟ್ಟಿಯ ಚಿತ್ರ ನೋಡುವವರಿಗೆ ಮೊದಲನೆಯದು ಅನುಕೂಲ, ಪ್ರತಿ ಬಿಂದು ಬೆಳೆಯೋ ನೀರೋ ಎಂದು ವರ್ಗೀಕರಿಸುವವರಿಗೆ ಕೊನೆಯದು. ನಡುವಿನದು ಎರಡಕ್ಕೂ ಸಾಧಾರಣವಾಗಿ ಒಗ್ಗುತ್ತದೆ.

ಬರಹವೇ ವಿಧಿಸುವ ಕ್ರಮ

ಕೆಲವೊಮ್ಮೆ ಯಂತ್ರ ನೆಗೆಯಲು ಸಿದ್ಧವಿದ್ದರೂ ದತ್ತಾಂಶದ ರೂಪ ಬಿಡುವುದಿಲ್ಲ. 1979ರ ಏಳನೆಯ ಆವೃತ್ತಿಯ ಯೂನಿಕ್ಸ್‌ನಲ್ಲಿ ಬಂದ ಟಾರ್ ಕಟ್ಟನ್ನು ಟೇಪಿಗಾಗಿಯೇ ರೂಪಿಸಿದ್ದರು: ಪ್ರತಿ ಫೈಲಿನ ಮುಂದೆ 512 ಬೈಟ್‌ನ ತಲೆಬರಹ, ಆಮೇಲೆ ಫೈಲು, ಮತ್ತೆ ತಲೆಬರಹ. ಇಡೀ ಕಟ್ಟಿಗೆ ಪರಿವಿಡಿ ಇಲ್ಲ. ಅದನ್ನು ಜಿಜಿಪ್‌ನಿಂದ ಕುಗ್ಗಿಸಿದರೆ ಕೊನೆಯ ಫೈಲಿಗಾಗಿಯೂ ಮೊದಲಿನಿಂದ ಬಿಚ್ಚುತ್ತ ಬರಬೇಕು, ಏಕೆಂದರೆ ಅದರ ಪ್ರತಿಯೊಂದು ತುಣುಕೂ ಹಿಂದಿನ 32 ಕಿಲೋಬೈಟ್‌ವರೆಗಿನ ಪಠ್ಯವನ್ನು ಆಧರಿಸಿರಬಹುದು. ಜಿಪ್ ಫೈಲಿನಲ್ಲಿ ಪರಿವಿಡಿ ಕೊನೆಗೆ ಇರುವುದರಿಂದ ಅಲ್ಲಿಗೆ ನೆಗೆಯಬಲ್ಲ ಸಾಧನವಿದ್ದರೆ ಬೇಕಾದದ್ದನ್ನಷ್ಟೇ ತೆಗೆಯಬಹುದು.

ಕನ್ನಡ ಪಠ್ಯಕ್ಕೂ ಇದು ನೇರವಾಗಿ ತಟ್ಟುವ ವಿಷಯ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೂ ಮೂರು. ‘ಕ್ಷ’ ಎಂಬುದು ಕ, ವಿರಾಮಚಿಹ್ನೆ, ಷ ಎಂಬ ಮೂರು ಸಂಕೇತಗಳ ಜೋಡಣೆ; ಒಟ್ಟು ಒಂಬತ್ತು ಬೈಟ್. ಎರಡು ಲಿಪಿ ಬೆರೆತ ಕಡತದಲ್ಲಿ ಸಾವಿರದ ಅಕ್ಷರ ಎಲ್ಲಿದೆ ಎಂದು ಗುಣಾಕಾರದಿಂದ ಹೇಳಲಾಗದು, ಮೊದಲಿನಿಂದ ಎಣಿಸಿಯೇ ತಿಳಿಯಬೇಕು. ಇನ್ನೊಂದು ಸೂಕ್ಷ್ಮವಿದೆ. ಫೈಲುಗಳನ್ನು ಹೆಚ್ಚಾಗಿ 4096 ಬೈಟ್‌ಗಳ ಕಂತಿನಲ್ಲಿ ಓದುತ್ತಾರೆ. ಖಾಲಿ ಜಾಗವೂ ಇಲ್ಲದ ಬರಿಯ ಕನ್ನಡ ಸಂಕೇತಗಳಿದ್ದರೆ 1365 ಸಂಕೇತಕ್ಕೆ 4095 ಬೈಟ್. ಉಳಿದ ಒಂದು ಬೈಟ್ ಮುಂದಿನ ಸಂಕೇತದ ಮೂರನೆಯ ಒಂದು ಪಾಲು. ಓದುವ ಪ್ರೋಗ್ರಾಮು ಆ ತುಂಡನ್ನು ಎತ್ತಿಟ್ಟುಕೊಂಡು ಮುಂದಿನ ಕಂತಿನ ಎರಡು ಬೈಟ್‌ಗಳ ಜೊತೆ ಸೇರಿಸಬೇಕು. ಈ ಎಚ್ಚರವಿಲ್ಲದೆ ಬರೆದ ಪ್ರೋಗ್ರಾಮುಗಳು ಇಂಗ್ಲಿಷಿನಲ್ಲಿ ಎಂದೂ ಎಡವದೆ, ಕನ್ನಡದಲ್ಲಿ ಅಲ್ಲಲ್ಲಿ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆಯ ವಜ್ರಾಕೃತಿಗಳನ್ನು ಉದುರಿಸುತ್ತವೆ. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿ ಸರಿಯಿದೆ ಎನ್ನುವುದನ್ನು ತಂತ್ರಾಂಶ ಬರೆಯುವವರು ಬಿಡಬೇಕು. ಯುಟಿಎಫ್-8ರ ಒಂದು ಉಪಕಾರವೆಂದರೆ ಸಂಕೇತದ ಮೊದಲ ಬೈಟ್‌ಗೂ ನಂತರದ ಬೈಟ್‌ಗಳಿಗೂ ಗುರುತು ಬೇರೆ ಇದೆ. ಫೈಲಿನ ನಡುವೆ ಎಲ್ಲಿ ಇಳಿದರೂ ಹೆಚ್ಚೆಂದರೆ ಕೆಲವು ಬೈಟ್ ದಾಟಿದರೆ ಸರಿಯಾದ ಆರಂಭ ಸಿಗುತ್ತದೆ.

ಟೇಪು ಇಂದು

ಟೇಪು ಅಳಿದಿಲ್ಲ. 2000ದಲ್ಲಿ 100 ಗಿಗಾಬೈಟ್‌ನಿಂದ ಆರಂಭವಾದ ಎಲ್‌ಟಿಓ ಸರಣಿಯ ಒಂಬತ್ತನೆಯ ಪೀಳಿಗೆ 2021ರಲ್ಲಿ ಒಂದು ಪೆಟ್ಟಿಗೆಗೆ 18 ಟೆರಾಬೈಟ್ ಮುಟ್ಟಿತು. ಅಗಲ ಈಗಲೂ ಅರ್ಧ ಅಂಗುಲ. ಉದ್ದ 1035 ಮೀಟರ್, ಅಡ್ಡಕ್ಕೆ 8960 ಟ್ರ್ಯಾಕು. ಒಂದು ಸಲಕ್ಕೆ 32 ಟ್ರ್ಯಾಕು ಓದುತ್ತ ತುದಿ ಮುಟ್ಟಿ, ಹೆಡ್ಡನ್ನು ಸ್ವಲ್ಪ ಸರಿಸಿ, ಹಿಂದಕ್ಕೆ ಓಡುತ್ತ ಮತ್ತೆ ಓದುವುದು. ಹೀಗೆ 280 ಓಟ. ಸೆಕೆಂಡಿಗೆ 400 ಮೆಗಾಬೈಟ್ ವೇಗದಲ್ಲಿ ಪೂರ್ತಿ ಓದಲು ಹನ್ನೆರಡೂವರೆ ಗಂಟೆ. ಓಟದ ವೇಗ ಹಾರ್ಡ್ ಡಿಸ್ಕನ್ನೂ ಮೀರಿಸುತ್ತದೆ, ನೆಗೆತಕ್ಕೆ ಮಾತ್ರ ಹತ್ತಾರು ಸೆಕೆಂಡು ಕಾಯಬೇಕು. ಕಂಪ್ಯೂಟರ್ ಅಷ್ಟೇ ವೇಗದಲ್ಲಿ ದತ್ತಾಂಶ ಕೊಡದೆ ಅಥವಾ ತೆಗೆದುಕೊಳ್ಳದೆ ಹೋದರೆ ಟೇಪು ನಿಂತು, ಹಿಂದೆ ಸರಿದು, ಮತ್ತೆ ಓಡಬೇಕಾಗುತ್ತದೆ. ಆಗ ವೇಗವೂ ಕುಸಿಯುತ್ತದೆ, ಟೇಪೂ ಸವೆಯುತ್ತದೆ. ಹಾವಿನ ನಡೆಯ ಈ ಟ್ರ್ಯಾಕುಗಳಲ್ಲಿ ಬರೆದ ಕ್ರಮದಲ್ಲಿ ದೂರವಿರುವ ಎರಡು ಫೈಲುಗಳು ಟೇಪಿನ ಮೇಲೆ ಪಕ್ಕಪಕ್ಕದಲ್ಲೇ ಇರಬಹುದು. ಹಾಗಾಗಿ ಒಂಬತ್ತನೆಯ ಪೀಳಿಗೆಯ ಡ್ರೈವುಗಳಿಗೆ ಬೇಕಾದ ಫೈಲುಗಳ ಪಟ್ಟಿ ಕೊಟ್ಟರೆ ಕಡಿಮೆ ಓಟದ ಕ್ರಮವನ್ನು ಅವೇ ಹೇಳುತ್ತವೆ.

ಯುರೋಪಿನ ಸರ್ನ್ ಪ್ರಯೋಗಾಲಯ ಕಣಘರ್ಷಣೆಯ ದತ್ತಾಂಶವನ್ನು ಟೇಪಿನಲ್ಲೇ ಕಾದಿಡುತ್ತದೆ. 2011ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷದಿಂದ ಜಿಮೇಲ್‌ನ ಕೆಲವು ಬಳಕೆದಾರರ ಪತ್ರಗಳು ಎಲ್ಲ ಪ್ರತಿಗಳಿಂದಲೂ ಕಾಣೆಯಾದಾಗ ಗೂಗಲ್ ಅವನ್ನು ಮರಳಿ ತಂದದ್ದು ಟೇಪಿನಿಂದ. ಜಾಲದಿಂದ ಹೊರಗಿಟ್ಟ ಟೇಪನ್ನು ಆ ದೋಷ ಮುಟ್ಟಲು ಸಾಧ್ಯವಿರಲಿಲ್ಲ.

ಯಂತ್ರಕಲಿಕೆ ಈ ಕಥೆಗೆ ಹೊಸ ತಿರುವು ಕೊಟ್ಟಿದೆ. ನರಜಾಲಗಳಿಗೆ ಉದಾಹರಣೆಗಳನ್ನು ಕಲಸಿ ಕೊಡಬೇಕು. ಬೆಕ್ಕಿನ ಚಿತ್ರಗಳೆಲ್ಲ ಮೊದಲು, ನಾಯಿಯವೆಲ್ಲ ಆಮೇಲೆ ಬಂದರೆ ಕಲಿಕೆ ಕೆಡುತ್ತದೆ. ಸಂಗ್ರಹಕ್ಕೆ ಸಾಲು ಬೇಕು, ಕಲಿಕೆಗೆ ಸಾಲು ಬೇಡ. ಈಗ ಬಳಕೆಯಲ್ಲಿರುವ ಹೊಂದಾಣಿಕೆ ಹೀಗಿದೆ: ಲಕ್ಷಾಂತರ ಚಿಕ್ಕ ಫೈಲುಗಳನ್ನು ಮೊದಲೇ ಒಮ್ಮೆ ಕಲಸಿ ಕೆಲವು ನೂರು ಅಥವಾ ಸಾವಿರ ದೊಡ್ಡ ಕಟ್ಟುಗಳಾಗಿ ಕಟ್ಟುತ್ತಾರೆ, ಇವುಗಳಲ್ಲಿ ಅನೇಕವು ಟಾರ್ ಕಟ್ಟುಗಳೇ. ಯಾವ ಕಟ್ಟು ಮೊದಲು ಎಂಬುದನ್ನು ಪ್ರತಿ ಸುತ್ತಿಗೂ ಚೀಟಿ ಎತ್ತಿದಂತೆ ಆರಿಸುತ್ತಾರೆ, ಕಟ್ಟನ್ನು ಮಾತ್ರ ಸಾಲಾಗಿ ಓದುತ್ತಾರೆ. ಓದಿದ ಉದಾಹರಣೆಗಳು ಮೆಮೊರಿಯ ಒಂದು ಬಫರ್ ಸೇರುತ್ತವೆ. ಅಲ್ಲಿಂದ ಯಾವುದೋ ಒಂದನ್ನು ಎತ್ತಿ ನರಜಾಲಕ್ಕೆ ಕಳಿಸಿ, ತೆರವಾದ ಜಾಗಕ್ಕೆ ಸಾಲಿನಲ್ಲಿ ಮುಂದಿರುವುದನ್ನು ತುಂಬುತ್ತಾರೆ. ಬಫರ್ ದೊಡ್ಡದಾದಷ್ಟೂ ಕಲಸುವಿಕೆ ಚೆನ್ನಾಗಿ ಆಗುತ್ತದೆ. ಎಷ್ಟು ದೊಡ್ಡದಿರಬೇಕು ಎಂಬುದು ಇರುವ ಮೆಮೊರಿಯನ್ನೂ, ಕಟ್ಟುವಾಗ ಫೈಲುಗಳನ್ನು ಎಷ್ಟು ಚೆನ್ನಾಗಿ ಬೆರೆಸಲಾಗಿತ್ತು ಎಂಬುದನ್ನೂ ಅವಲಂಬಿಸಿದೆ.